ಈಗಲ್ಸ್ ಆಟ ಒಂದು ವಾರ ಬರುತ್ತದೆ, ಒಂದು ವಾರ ಬರಲ್ಲ. ಆಂಟೆನಾ ಹೋಗಿದೆಯಾ?

ಹಸಿರು_ಹದ್ದು:
ತಲೆ ಕೆಟ್ಟು ಹೋಗಿದೆ, ಯಾರಾದರೂ ದಾರಿ ಹೇಳಿ. ಅದೇ ಟಿವಿ, ಅದೇ ಆಂಟೆನಾ, ಅದೇ ಕೇಬಲ್. ಹೋದ ವರ್ಷ ನಮ್ಮ ಫಿಲಡೆಲ್ಫಿಯಾದ ಅಮೆರಿಕನ್ ಫುಟ್‌ಬಾಲ್ ತಂಡ ಈಗಲ್ಸ್‌ನ ಭಾನುವಾರದ ಆಟ ಒಂದನ್ನೂ ಬಿಟ್ಟವನಲ್ಲ ನಾನು. ಈ ವರ್ಷ ಒಂದು ವಾರ ಬರುತ್ತದೆ, ಮುಂದಿನ ವಾರ ಬರಲ್ಲ. ಮೂರು ಸಲ ಚಾನೆಲ್ ಸ್ಕ್ಯಾನ್ ಮಾಡಿದೆ. ಟಿವಿಗೆ ಫ್ಯಾಕ್ಟರಿ ರೀಸೆಟ್ ಕೊಟ್ಟು, ಎಲ್ಲ ಆಪ್‌ಗಳ ಪಾಸ್‌ವರ್ಡ್ ಅಳಿಸಿ, ಮನೆಯಲ್ಲಿ ಬೈಸಿಕೊಂಡಿದ್ದೂ ಆಯಿತು. ನಿನ್ನೆ ಮಧ್ಯಾಹ್ನ 1ಕ್ಕೆ ಸರಿಯಾಗಿ ಕೂತೆ. ಇಲ್ಲ! ಮೂರು ಗಂಟೆ ಫೋನಿನಲ್ಲಿ ಸ್ಕೋರ್ ಒತ್ತಿ ಒತ್ತಿ ನೋಡುವುದು ಆಟ ನೋಡಿದ ಹಾಗಾ? ಹೊಸ ಆಂಟೆನಾ ತಗೊಳ್ಳಲಾ? ಯಾವುದು ಒಳ್ಳೆಯದು?

ಡೆಸಿಬಲ್_ದಾಸ:
ಹೊಸದು ಬೇಡ, ದುಡ್ಡು ಉಳಿಸಿ. ಬಂದು ಹೋಗಿ ಮಾಡುತ್ತಿದೆ ಅಂದರೆ ಪ್ರೀಆಂಪ್ (ಸಿಗ್ನಲ್ ಹೆಚ್ಚಿಸುವ ಡಬ್ಬಿ) ಓವರ್‌ಲೋಡ್. ಹತ್ತರಲ್ಲಿ ಒಂಬತ್ತು ಕೇಸ್ ಇದೇ. ಹತ್ತಿರದ ಸ್ಟೇಷನ್ ಸಿಗ್ನಲ್ ಜಾಸ್ತಿಯಾಗಿ ಟಿವಿಯೊಳಗೆ ಚಾನೆಲ್ ಹಿಡಿಯುವ ಟ್ಯೂನರ್ ಕಿವುಡಾಗುತ್ತದೆ. ಪ್ರೀಆಂಪ್ ತೆಗೆದು ನೇರ ಕೊಟ್ಟು ನೋಡಿ.

ಹಸಿರು_ಹದ್ದು:
ತೆಗೆದು ನೋಡಿದೆ ಸಾರ್. ಏನೂ ಬದಲಾಗಲಿಲ್ಲ. ಚಿತ್ರ ಮೊದಲೂ ಚೆನ್ನಾಗೇ ಇತ್ತು, ಈಗಲೂ ಚೆನ್ನಾಗೇ ಇದೆ.

ಡೆಸಿಬಲ್_ದಾಸ:
ಹಾಗಾದರೆ ಫೋನ್ ಸಿಗ್ನಲ್ ತಡೆಯುವ ಎಲ್‌ಟಿಇ ಫಿಲ್ಟರ್ ಬೇಕು. 600 ಮೆಗಾಹರ್ಟ್ಸ್ ಜಾಗವನ್ನು ಫೋನ್ ಕಂಪನಿಗಳಿಗೆ ಹರಾಜು ಹಾಕಿದರಲ್ಲ, ಆಮೇಲೆ ಟಿವಿ ಚಾನೆಲ್‌ಗಳನ್ನೆಲ್ಲ ಒತ್ತಿ 36ರ ಒಳಗೆ ತುಂಬಿದರು. 2020ಕ್ಕೆ ಆ ಕೆಲಸ ಮುಗಿಯಿತು. ನಿಮ್ಮ ಆಂಟೆನಾ ಹಳೆಯದಾದರೆ ಅದು ಫೋನ್ ಟವರ್ ಸಿಗ್ನಲ್ಲನ್ನೂ ಎಳೆದುಕೊಳ್ಳುತ್ತದೆ. ಫಿಲ್ಟರ್ ಹಾಕಿ, ನೋಡಿ, ಆಮೇಲೆ ಬಂದು ನನಗೆ ಥ್ಯಾಂಕ್ಸ್ ಹೇಳಿ.

ಹಳೇ_ಟ್ಯೂನರ್:
ಫಿಲ್ಟರ್ ಎಲ್ಲ ಆಮೇಲೆ. ಮೊದಲು ಆಂಟೆನಾ ಕಡ್ಡಿಯ ಉದ್ದ ಎಷ್ಟು ಹೇಳಿ. ಫಿಲಡೆಲ್ಫಿಯಾದ ಚಾನೆಲ್ 6 ಇದೆಯಲ್ಲ, 2009ರಲ್ಲಿ ಎಲ್ಲರೂ ಡಿಜಿಟಲ್ ಆಗಿ ಟಿವಿಯಲ್ಲಿ ಕಾಣುವ ನಂಬರ್ ಒಂದು, ಗಾಳಿಯಲ್ಲಿ ಬರುವ ಚಾನೆಲ್ ಇನ್ನೊಂದು ಅಂತಾದ ಮೇಲೂ ಅದು ನಿಜವಾಗಿ 6ರಲ್ಲೇ ಉಳಿಯಿತು. ಲೋ ವಿಎಚ್‌ಎಫ್, ಅಂದರೆ ಉದ್ದ ತರಂಗದ ಚಾನೆಲ್. ಅದರ ಅರ್ಧ ತರಂಗಾಂತರವೇ ಸುಮಾರು 1.75 ಮೀಟರ್. ಗೋಡೆಗೆ ಅಂಟಿಸುವ ಪುಸ್ತಕದ ರಟ್ಟಿನಂಥ ಆಂಟೆನಾದಲ್ಲಿ ಅದನ್ನು ಹಿಡಿಯುತ್ತೇನೆ ಅಂದರೆ ಚಮಚದಲ್ಲಿ ಕೆರೆ ಖಾಲಿ ಮಾಡಿದ ಹಾಗೆ.

ಡೆಸಿಬಲ್_ದಾಸ:
6ರಲ್ಲಿ ಭಾನುವಾರ ಮಧ್ಯಾಹ್ನ ಯಾವ ಆಟ ಬರುತ್ತದೆ ಹಿರಿಯರೇ? ಅದು ಎಬಿಸಿ ನೆಟ್‌ವರ್ಕ್. ಸೋಮವಾರ ರಾತ್ರಿಯದ್ದಾದರೆ ಸರಿ. ಈ ಹುಡುಗನಿಗೆ ಬೇಕಿರುವುದು 29, ಫಿಲಡೆಲ್ಫಿಯಾದ ಫಾಕ್ಸ್ ಚಾನೆಲ್. ಅದು ಯುಎಚ್‌ಎಫ್, ಚಿಕ್ಕ ತರಂಗ.

ಹಳೇ_ಟ್ಯೂನರ್:
ಸೋಮವಾರದ ಆಟ ಆಟ ಅಲ್ವಾ? ನಾನು ಒಟ್ಟಾರೆ ಹೇಳಿದೆ.

ಜೆಟ್ಸ್_ಕರ್ಮ:
ನಿಮಗೆ ನಿಮ್ಮ ತಂಡದ ಆಟ ಬರಲ್ಲ ಅಂತ ಅಳು. ನಮಗೆ ನ್ಯೂಯಾರ್ಕ್‌ನ ಜೆಟ್ಸ್ ಆಟ ವಾರ ವಾರ ತಪ್ಪದೆ ಬರುತ್ತದೆ, ಎಚ್‌ಡಿಯಲ್ಲಿ, ಒಂದು ಚುಕ್ಕೆ ಒಡೆಯದೆ. ಯಾರ ಕಷ್ಟ ದೊಡ್ಡದು ನೀವೇ ಹೇಳಿ.

ಮೂಲೆಮನೆ:
ತಡೀರಿ, ಒಂದು ವಿಷಯ. ಹದ್ದು ಅವರೇ, 'ಬರಲ್ಲ' ಅಂದರೆ ಏನು? ಪರದೆ ಕಪ್ಪಾಗಿ 'ಸಿಗ್ನಲ್ ಇಲ್ಲ' ಅನ್ನುತ್ತದಾ, ಅಥವಾ ಚಾನೆಲ್ ಬರುತ್ತದೆ, ಅದರಲ್ಲಿ ಬೇರೆ ಆಟ ನಡೆಯುತ್ತಿದೆಯಾ? ಎರಡಕ್ಕೂ ನಾವು 'ಬರಲ್ಲ' ಅಂತಲೇ ಹೇಳುತ್ತೇವೆ. ಮತ್ತೆ ಸ್ಕ್ಯಾನ್ ಮಾಡಿದಾಗ ಸಿಕ್ಕ ಚಾನೆಲ್ ನಂಬರ್‌ಗಳನ್ನು ಬರೆಯಿರಿ.

ಹಸಿರು_ಹದ್ದು:
ಚಾನೆಲ್ ಬರುತ್ತದೆ. ನಿನ್ನೆ ಅದರಲ್ಲಿ ನ್ಯೂಯಾರ್ಕ್ ಜಯಂಟ್ಸ್ ಆಟ ಹಾಕಿದ್ದರು, ಅದನ್ನೇ ಹೇಳುತ್ತಿದ್ದೇನೆ ಮೊದಲಿನಿಂದ. ಸಿಗುತ್ತಿರುವುದು 2, 4, 5, 7, 9, 11, 13.

(ಮೊದಲಿನಿಂದ ಹೇಳಿರಲಿಲ್ಲ. ಈಗ ಮೇಲೆ ಹೋಗಿ ಓದಿದೆ. ಕ್ಷಮಿಸಿ.)

ಮೂಲೆಮನೆ:
ಅವೆಲ್ಲ ನ್ಯೂಯಾರ್ಕ್ ಚಾನೆಲ್‌ಗಳು. ಫಿಲಡೆಲ್ಫಿಯಾದ್ದು 3, 6, 10, 29. ಅದರಲ್ಲಿ ಒಂದೂ ಇಲ್ಲ. ಆಂಟೆನಾ ಎತ್ತ ಮುಖ ಮಾಡಿದೆ? ಊರು ಯಾವುದು?

ಹಸಿರು_ಹದ್ದು:
ಎತ್ತ ಅಂದರೆ... ಕಿಟಕಿ ಕಡೆ. ಮೊದಲೂ ಕಿಟಕಿ ಕಡೆಯೇ ಇತ್ತು. ಊರು ಪ್ಲೇನ್ಸ್‌ಬರೊ, ನ್ಯೂಜೆರ್ಸಿ. ಆಗಸ್ಟ್‌ನಲ್ಲಿ ಬಂದೆವು. ಮೊದಲು ಪಕ್ಕದ ವೆಸ್ಟ್ ವಿಂಡ್ಸರ್‌ನಲ್ಲಿ ಇದ್ದೆವು. ಕಾರಿನಲ್ಲಿ ಹತ್ತು ನಿಮಿಷವೂ ಇಲ್ಲ. ಅದಕ್ಕೇ ಹೇಳಬೇಕು ಅಂತ ಅನ್ನಿಸಲಿಲ್ಲ.

ಜೆಟ್ಸ್_ಕರ್ಮ:
'ಅದೇ ಟಿವಿ, ಅದೇ ಆಂಟೆನಾ, ಅದೇ ಕೇಬಲ್.' ಮನೆ ಮಾತ್ರ ಬೇರೆ 😂

ಮೂಲೆಮನೆ:
ಅದೇ ನೋಡಿ ವಿಷಯ. ವೆಸ್ಟ್ ವಿಂಡ್ಸರ್ ಇರುವುದು ಮರ್ಸರ್ ಕೌಂಟಿಯಲ್ಲಿ, ಪ್ಲೇನ್ಸ್‌ಬರೊ ಮಿಡಲ್‌ಸೆಕ್ಸ್‌ನಲ್ಲಿ. ಟಿವಿ ಮಾರುಕಟ್ಟೆಯನ್ನು ನೀಲ್ಸನ್ ಕಂಪನಿ ಕೌಂಟಿ ಲೆಕ್ಕದಲ್ಲಿ ಹಂಚುತ್ತದೆ. ಮರ್ಸರ್ ಫಿಲಡೆಲ್ಫಿಯಾಗೆ, ಮಿಡಲ್‌ಸೆಕ್ಸ್ ನ್ಯೂಯಾರ್ಕ್‌ಗೆ. ನೀವು ಹತ್ತು ನಿಮಿಷ ದೂರ ಹೋಗಿಲ್ಲ, ಈಗಲ್ಸ್ ಊರು ಬಿಟ್ಟು ಜಯಂಟ್ಸ್ ಊರಿಗೆ ಹೋಗಿದ್ದೀರಿ.

ಒಂದು ವಾರ ಬಂದು ಇನ್ನೊಂದು ವಾರ ಬರದೇ ಇರುವುದಕ್ಕೂ ಇದೇ ಕಾರಣ. ಭಾನುವಾರ ಮಧ್ಯಾಹ್ನದ ಆಟಗಳನ್ನು ಸಿಬಿಎಸ್ ಮತ್ತು ಫಾಕ್ಸ್ ನೆಟ್‌ವರ್ಕ್‌ಗಳು ಹಂಚಿಕೊಂಡಿವೆ, ಯಾವ ಊರಿಗೆ ಯಾವ ಆಟ ಅಂತ ವಾರ ವಾರ ನಕ್ಷೆ ಬದಲಾಗುತ್ತದೆ. ಈಗಲ್ಸ್, ಜಯಂಟ್ಸ್ ಎರಡೂ ಒಂದೇ ಡಿವಿಷನ್, ಇಬ್ಬರ ಆಟವೂ ಜಾಸ್ತಿ ಫಾಕ್ಸ್‌ನಲ್ಲೇ. ಇಬ್ಬರೂ 1 ಗಂಟೆಗೆ ಅದೇ ಚಾನೆಲ್‌ನಲ್ಲಿ ಆಡಿದರೆ ನ್ಯೂಯಾರ್ಕ್‌ನ 5 ಜಯಂಟ್ಸ್ ಹಾಕುತ್ತದೆ, ಫಿಲಡೆಲ್ಫಿಯಾದ 29 ಈಗಲ್ಸ್ ಹಾಕುತ್ತದೆ. ಈಗಲ್ಸ್ ಆಟ 4:25ಕ್ಕೆ ಇದ್ದು ಆ ವಾರ ಫಾಕ್ಸ್‌ಗೆ ಎರಡು ಆಟದ ಸರದಿ ಇದ್ದರೆ, 5ರಲ್ಲೇ ನಿಮಗೂ ಸಿಕ್ಕಿಬಿಡುತ್ತದೆ. ನೀವು ಅದನ್ನು ನೋಡಿ ಆಂಟೆನಾ ಸರಿ ಇದೆ ಅಂದುಕೊಂಡಿರಿ.

ಹಸಿರು_ಹದ್ದು:
ಅಯ್ಯೋ. ಈಗ ಅರ್ಥ ಆಯಿತು. ಸ್ಟ್ರೀಮಿಂಗ್ ಟಿವಿ ಒಂದಕ್ಕೆ ಚಂದಾ ಕಟ್ಟುತ್ತಿದ್ದೆ, ಅದರಲ್ಲೂ ಹೊಸ ವಿಳಾಸ ಹಾಕಿದ ದಿನದಿಂದ 29 ಮಾಯ. ಕಸ್ಟಮರ್ ಕೇರ್‌ಗೆ ಮಾಡಿದರೆ 'ಆಪ್ ಅಳಿಸಿ ಮತ್ತೆ ಹಾಕಿ' ಅಂತ ನಾಲ್ಕು ಸಲ ಹೇಳಿದರು. ಸಿಟ್ಟಿಗೆ ಬಿಟ್ಟೇಬಿಟ್ಟೆ. ವಿಳಾಸ ಬದಲಾದದ್ದಕ್ಕೆ ಹೀಗೆ ಅಂತ ಒಬ್ಬರಾದರೂ ಒಂದು ಮಾತು ಹೇಳಬಾರದಿತ್ತಾ?

ನಾಲ್ಕನೇ_ಡೌನ್:
ಸಂಡೇ ಟಿಕೆಟ್ (ಹೊರ ಊರಿನ ತಂಡಗಳ ಭಾನುವಾರದ ಆಟದ ಚಂದಾ) ತಗೊಳ್ಳಿ, ಮುಗಿಯಿತು. 2023ರಿಂದ ಯೂಟ್ಯೂಬ್‌ನಲ್ಲೇ ಇದೆ. ಈಗ ನಿಮಗೆ ಈಗಲ್ಸ್ ಹೊರಗಿನ ತಂಡ ಅಲ್ವಾ, ಹಾಗಾಗಿ ಸಿಗುತ್ತದೆ. ಮೊದಲಿನ ಮನೆಯಲ್ಲಿ ಇದ್ದಿದ್ದರೆ ಈಗಲ್ಸ್ ಆಟ ಅದರಲ್ಲಿ ಬರುತ್ತಿರಲಿಲ್ಲ.

ಜೆಟ್ಸ್_ಕರ್ಮ:
ಒಂದು ತಂಡ ನೋಡಲು ಎಲ್ಲ ಆಟದ ಗಂಟು ಕೊಳ್ಳಬೇಕಂತೆ. ಇದಕ್ಕೇ ಅಲ್ವಾ ಕೇಸ್ ಹಾಕಿದ್ದು? 2024ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಜ್ಯೂರಿ 470 ಕೋಟಿ ಡಾಲರ್ ಚಿಲ್ಲರೆ ಪರಿಹಾರ ಕೊಡಿ ಅಂದಿತ್ತು.

ನಾಲ್ಕನೇ_ಡೌನ್:
ಪೂರ್ತಿ ಹೇಳಿ. ಆಗಸ್ಟ್‌ನಲ್ಲೇ ಜಡ್ಜ್ ಅದನ್ನು ರದ್ದು ಮಾಡಿದರು.

ಜೆಟ್ಸ್_ಕರ್ಮ:
ರದ್ದು ಮಾಡಿದ್ದರಿಂದ ಜ್ಯೂರಿ ಹೇಳಿದ್ದು ಸುಳ್ಳಾಯಿತಾ?

ನಾಲ್ಕನೇ_ಡೌನ್:
ಕಾನೂನಿನಲ್ಲಿ ಹೌದು ಗುರು. ಅದನ್ನೇ ರದ್ದು ಅನ್ನೋದು.

ಹಳೇ_ಟ್ಯೂನರ್:
ನೀವೆಲ್ಲ ಈಗಿನವರು. 1968ರ ನವೆಂಬರ್ 17, ಜೆಟ್ಸ್ ಮತ್ತು ಓಕ್ಲೆಂಡ್ ರೈಡರ್ಸ್. ಜೆಟ್ಸ್ 32-29ರಲ್ಲಿ ಮುಂದೆ, ಆಟ ಇನ್ನೂ ಒಂದು ನಿಮಿಷ ಚಿಲ್ಲರೆ ಬಾಕಿ. ಸಂಜೆ 7 ಆಯಿತು ಅಂತ ಎನ್‌ಬಿಸಿ ಆಟ ಕತ್ತರಿಸಿ ಮಕ್ಕಳ ಸಿನಿಮಾ ಹಾಕಿತು. ಆ ಒಂದು ನಿಮಿಷದಲ್ಲಿ ರೈಡರ್ಸ್ ಎರಡು ಟಚ್‌ಡೌನ್ ಹೊಡೆದು 43-32ರಲ್ಲಿ ಗೆದ್ದರು. ಪೂರ್ವದ ಜನ ಆ ಸಿನಿಮಾದ ಬೆಟ್ಟದ ಹುಡುಗಿಯನ್ನು ನೋಡುತ್ತಾ ಕೂತಿದ್ದರು. ನಾನು ಆಗ ಈ ದೇಶಕ್ಕೆ ಬಂದಿರಲಿಲ್ಲ, ಆದರೂ ಕೇಳಿದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಜೆಟ್ಸ್_ಕರ್ಮ:
ಅದರಲ್ಲೂ ಸೋತವರು ನಾವೇ. ಗೊತ್ತಿತ್ತು. (ಆ ಸೀಸನ್ನಿನ ಸೂಪರ್ ಬೌಲ್ ಗೆದ್ದವರೂ ನಾವೇ, ಅದನ್ನು ಯಾರೂ ಹೇಳಲ್ಲ. ಆಮೇಲೆ ಗೆದ್ದಿಲ್ಲ ಅನ್ನೋದನ್ನು ಮಾತ್ರ ಎಲ್ಲರೂ ಹೇಳುತ್ತಾರೆ.)

ಮೂಲೆಮನೆ:
ವಿಷಯಕ್ಕೆ ಬರೋಣ. ಹದ್ದು ಅವರೇ, ನಿಮ್ಮ ಊರು ಎರಡು ನಗರದ ನಡುವೆ ಇದೆ. ಫಿಲಡೆಲ್ಫಿಯಾದ ಗೋಪುರಗಳು ರಾಕ್ಸ್‌ಬರೊದಲ್ಲಿ, ನಿಮ್ಮಿಂದ ನೈಋತ್ಯಕ್ಕೆ ಹತ್ತಿರ ಹತ್ತಿರ 40 ಮೈಲಿ. ಎಂಪೈರ್ ಸ್ಟೇಟ್ ಕಟ್ಟಡ ಈಶಾನ್ಯಕ್ಕೆ, ಅದೂ ಸುಮಾರು ಅಷ್ಟೇ. ಸರಿಯಾಗಿ ಬೆನ್ನಿಗೆ ಬೆನ್ನು. ಹೊಸ ಮನೆಯ ಕಿಟಕಿ ಈಶಾನ್ಯಕ್ಕೆ ಇರಬೇಕು. ಗಾಳಿಯಲ್ಲಿ ಬರುವ ಸಿಗ್ನಲ್‌ಗೆ ಕೌಂಟಿ ಗೊತ್ತಿಲ್ಲ. ಆಂಟೆನಾ ತಿರುಗಿಸಿ, ರೀಸ್ಕ್ಯಾನ್ ಮಾಡಿ. ಆಗುವುದಾದರೆ ಅಟ್ಟಕ್ಕೆ ಏರಿಸಿ.

ಡೆಸಿಬಲ್_ದಾಸ:
ಅಟ್ಟಕ್ಕೆ ಏರಿಸುವುದಾದರೆ ಫಿಲ್ಟರ್ ಜೊತೆಗೇ ಹಾಕಿಬಿಡಿ, ಮತ್ತೆ ಮತ್ತೆ ಹತ್ತುವ ಕೆಲಸ ತಪ್ಪುತ್ತದೆ.

ನಾಲ್ಕನೇ_ಡೌನ್:
ಅಟ್ಟ ಯಾಕೆ, ಮಾಡಿನ ಮೇಲೆ ಹಾಕಿ. ಮನೆ ಮಾಲೀಕರ ಅಸೋಸಿಯೇಷನ್‌ನವರು ಬೇಡ ಅಂದರೆ 1996ರ ಎಫ್‌ಸಿಸಿ (ಟಿವಿ, ಫೋನ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ನಿಯಮ ತೋರಿಸಿ. ಟಿವಿ ಆಂಟೆನಾ ಬೇಡ ಅನ್ನುವ ಹಕ್ಕು ಅವರಿಗಿಲ್ಲ.

ಮೂಲೆಮನೆ:
ನಿಮ್ಮ ಸ್ವಂತ ಬಳಕೆಯ ಜಾಗ ಆದರೆ ಮಾತ್ರ. ಎಲ್ಲರಿಗೂ ಸೇರಿದ ಮಾಡಾದರೆ ಆ ನಿಯಮ ನಡೆಯಲ್ಲ.

ಹಸಿರು_ಹದ್ದು:
ಟೌನ್‌ಹೌಸ್. ಮಾಡು ಅಸೋಸಿಯೇಷನ್ನದು. ಅಟ್ಟ ನಮ್ಮದು.

ಶನಿವಾರ ಹತ್ತಿದೆ. ಒಳಗೆ ಬೆನ್ನು ನೆಟ್ಟಗೆ ಮಾಡಲು ಜಾಗ ಇಲ್ಲ, ಕಾಲು ತಪ್ಪಿದರೆ ಸೀದಾ ಕೆಳಗಿನ ಬೆಡ್‌ರೂಮಿಗೆ. ಫೋನಿನ ದಿಕ್ಸೂಚಿ ನೋಡಿ ನೈಋತ್ಯಕ್ಕೆ ತಿರುಗಿಸಿದೆ. ಮನೆಯವರು ಕೆಳಗೆ ಟಿವಿ ಮುಂದೆ ನಿಂತು 'ಬಂತು, ಹೋಯ್ತು, ಬಂತು' ಅನ್ನುತ್ತಿದ್ದರು. ಚಿಕ್ಕವನಿದ್ದಾಗ ಊರಲ್ಲಿ ಅಪ್ಪ ಮಾಡಿನ ಮೇಲೆ, ನಾನು ಕೆಳಗೆ ಇದೇ ಮಾತು ಕೂಗುತ್ತಿದ್ದೆ. ಕಡೆಗೂ 29 ಬಂತು! ಸಿಗ್ನಲ್ ಮೀಟರ್ 60ರ ಆಸುಪಾಸು. ಆದರೆ 5 ಹೋಯಿತು, 2ನೂ ಹೋಯಿತು. ಮಗಳು ನೋಡುವ 13ನೂ ಹೋಯಿತು, ಅದಕ್ಕೆ ಬೇರೆ ಜಗಳ. ಎರಡೂ ಕಡೆಯದ್ದು ಸಿಗುವ ದಾರಿ ಇದೆಯಾ?

ಡೆಸಿಬಲ್_ದಾಸ:
ಎರಡು ಆಂಟೆನಾ ಹಾಕಿ, ಒಂದು ಕೇಬಲ್ಲನ್ನು ಎರಡು ಮಾಡುವ ಸ್ಪ್ಲಿಟರ್ ಉಲ್ಟಾ ಹಾಕಿ ಸೇರಿಸಿ. ಸಿಂಪಲ್.

ಮೂಲೆಮನೆ:
ಸಿಂಪಲ್ ಅಲ್ಲ. ಉಲ್ಟಾ ಹಾಕಿದರೂ 3.5 ಡೆಸಿಬಲ್ ಸಿಗ್ನಲ್ ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಒಂದೇ ಸ್ಟೇಷನ್ ಎರಡು ಆಂಟೆನಾದಲ್ಲೂ ಸ್ವಲ್ಪ ಸ್ವಲ್ಪ ಬಂದು ಒಂದಕ್ಕೊಂದು ಹೊಡೆದುಕೊಳ್ಳುತ್ತದೆ. 60ರ ಮೀಟರ್‌ನಲ್ಲಿ ಆ ಆಟ ಆಡಬೇಡಿ. ಎರಡರಲ್ಲಿ ಒಂದನ್ನು ಆರಿಸುವ ಎ-ಬಿ ಸ್ವಿಚ್ ಹಾಕಿ, ಅಥವಾ ಎರಡಕ್ಕೂ ಬೇರೆ ಬೇರೆ ಟ್ಯೂನರ್ ಇಡಿ.

ಡೆಸಿಬಲ್_ದಾಸ:
ನಾನು ಆರು ವರ್ಷದಿಂದ ಉಲ್ಟಾ ಸ್ಪ್ಲಿಟರ್‌ನಲ್ಲೇ ನಡೆಸುತ್ತಿದ್ದೇನೆ. ಥಿಯರಿ ಬೇರೆ, ಅನುಭವ ಬೇರೆ.

ಹಳೇ_ಟ್ಯೂನರ್:
ಇದೆಲ್ಲ ಯಾಕೆ, ರೋಟರ್ ಹಾಕಿ. ನನ್ನ ಅಂಗಳದಲ್ಲಿ 30 ಅಡಿ ಕಂಬ ಇದೆ, ತುದಿಯಲ್ಲಿ ಮೋಟಾರು. ಮೇಲೆ ಯುಎಚ್‌ಎಫ್ ಯಾಗಿ ಆಂಟೆನಾ, ಕೆಳಗೆ ಲೋ ವಿಎಚ್‌ಎಫ್‌ಗೆ ಬೇರೆಯದೇ, ಎಲ್ಲ ಆರ್‌ಜಿ-6 ಕೇಬಲ್. ಒಳಗೆ ನಾಲ್ಕು ಟ್ಯೂನರಿನ ಡಬ್ಬಿ, ಅದರಿಂದ ಮನೆಯ ಎಲ್ಲ ಟಿವಿಗೂ. ಗುಂಡಿ ತಿರುಗಿಸಿದರೆ ನ್ಯೂಯಾರ್ಕ್, ಇನ್ನೊಂದು ಸುತ್ತಿಗೆ ಫಿಲಡೆಲ್ಫಿಯಾ. ಹವಾ ಚೆನ್ನಾಗಿದ್ದ ರಾತ್ರಿ ಬಾಲ್ಟಿಮೋರ್ ಕೂಡ ಹಿಡಿದಿದ್ದೇನೆ. ಫೋಟೋ ಹಾಕುತ್ತೇನೆ ತಡೀರಿ.

ಜೆಟ್ಸ್_ಕರ್ಮ:
ಅಷ್ಟೆಲ್ಲ ಇದ್ದು ಯಾವ ತಂಡ ನೋಡುತ್ತೀರಿ?

ಹಳೇ_ಟ್ಯೂನರ್:
ನಾನು ಫುಟ್‌ಬಾಲ್ ನೋಡುವುದಿಲ್ಲ. ಸಿಗ್ನಲ್ ನೋಡುತ್ತೇನೆ.

ನಾಲ್ಕನೇ_ಡೌನ್:
😂😂

ಹಸಿರು_ಹದ್ದು:
ಎ-ಬಿ ಸ್ವಿಚ್ ತಂದೆ. ಹಳೆಯದು ಕಿಟಕಿಯಲ್ಲೇ ನ್ಯೂಯಾರ್ಕ್‌ಗೆ, ಹೊಸದೊಂದು ಅಟ್ಟದಲ್ಲಿ ಫಿಲಡೆಲ್ಫಿಯಾಗೆ. ಮೂಲೆಮನೆ ಅವರಿಗೆ ದೊಡ್ಡ ನಮಸ್ಕಾರ. ಮೀಟರ್ 70ಕ್ಕೆ ಏರಿದೆ. ಈ ಭಾನುವಾರ 1ಕ್ಕೆ ಸ್ವಿಚ್ ಬಿ ಕಡೆಗೆ ಒತ್ತಿ ಕೂತಿರುತ್ತೇನೆ.

ನಾಲ್ಕನೇ_ಡೌನ್:
ಈ ಭಾನುವಾರ ಈಗಲ್ಸ್ ಆಟ ರಾತ್ರಿ 8:20ಕ್ಕೆ ಗುರು. ಎನ್‌ಬಿಸಿ. ದೇಶಕ್ಕೆಲ್ಲ ಒಂದೇ ಆಟ. ಕಿಟಕಿಯ ಆಂಟೆನಾದಲ್ಲೇ 4ರಲ್ಲಿ ಬರುತ್ತದೆ.

ಹಸಿರು_ಹದ್ದು:
ಅಟ್ಟ ಹತ್ತುವ ಮೊದಲು ಹೇಳಬಾರದಿತ್ತಾ...

ಡೆಸಿಬಲ್_ದಾಸ:
ಫಿಲ್ಟರ್ ಹಾಕಿದಿರಾ?

ತೇಪೆ_ಕೇಬಲ್:
ನಮಸ್ಕಾರ, ನಂದೂ ಇದೇ ಸಮಸ್ಯೆ, ಆಟ ಬರಲ್ಲ. ಯಾವ ಆಂಟೆನಾ ತಗೊಳ್ಳಲಿ?

ಮೂಲೆಮನೆ:
'ಬರಲ್ಲ' ಅಂದರೆ ಏನು?