ಗೌರವ ಡಾಕ್ಟರೇಟ್ ‘ಪಡೆದರು’ ಅನ್ನಬೇಕೇ, ‘ಸಂದಿತು’ ಅನ್ನಬೇಕೇ?

ಎಲ್ಲರಿಗೂ ನಮಸ್ಕಾರ.

ನಾನು ಒಂದು ತಾಲ್ಲೂಕು ಊರಿನ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕರಡು ತಿದ್ದುತ್ತೇನೆ. ಲಗ್ನಪತ್ರಿಕೆ, ಕರಪತ್ರ, ಜಾತ್ರೆ ಪೋಸ್ಟರ್, ಫ್ಲೆಕ್ಸ್ ಎಲ್ಲ ನಮ್ಮಲ್ಲೇ ಆಗುತ್ತದೆ. ಹೋದ ತಿಂಗಳು ನಾಲ್ಕು ಜನ ಹುಡುಗರು ಫ್ಲೆಕ್ಸ್ ಮಾಡಿಸಲು ಬಂದರು. ಅವರ ನಾಯಕರಿಗೆ ವಿಶ್ವವಿದ್ಯಾಲಯವೊಂದರ ಘಟಿಕೋತ್ಸವದಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿದ್ದರು. ಹುಡುಗರು ಹಾಳೆಯಲ್ಲಿ ಬರೆದು ತಂದ ಸಾಲು ಹೀಗಿತ್ತು: “ಪದವಿ ಪ್ರಧಾನ ಸಮಾರಂಭದಲ್ಲಿ ಗೌರವ ಡಾಕ್ಟರೇಟ್ ಪದವಿ ಪಡೆದ ನಮ್ಮ ನೆಚ್ಚಿನ ನಾಯಕರಿಗೆ ಹಾರ್ದಿಕ ಅಭಿನಂದನೆಗಳು.” ಕೆಳಗೆ ಹೆಸರು. ಹೆಸರಿನ ಮುಂದೆ ದಪ್ಪಕ್ಷರದಲ್ಲಿ ‘ಡಾ||’.

ಒಂದು ತಪ್ಪು ಸುಲಭದ್ದು. ‘ಪ್ರಧಾನ’ ಅಂದರೆ ಮುಖ್ಯ. ಕೊಡುವುದಕ್ಕೆ ‘ಪ್ರದಾನ’ ಅನ್ನಬೇಕು, ದಾನದಲ್ಲಿರುವ ದಕಾರವೇ ಅಲ್ಲಿರುವುದು. ಈ ತಪ್ಪನ್ನು ಆಹ್ವಾನ ಪತ್ರಿಕೆಗಳಲ್ಲಿ ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ. ಅದನ್ನು ಸರಿಮಾಡಿ ಮುಂದೆ ಹೋದೆ. ‘ಪಡೆದ’ ಅನ್ನುವಲ್ಲಿ ಪೆನ್ನು ನಿಂತಿತು.

ವ್ಯಾಕರಣದ ಪ್ರಕಾರ ಅದರಲ್ಲಿ ತಪ್ಪೇನೂ ಇಲ್ಲ. ವರ ಪಡೆದ, ಜನ್ಮ ಪಡೆದ ಅಂತ ನಾವೇ ಹೇಳುತ್ತೇವೆ. ಆದರೆ ‘ಪದವಿ’ಯ ಪಕ್ಕದಲ್ಲಿ ‘ಪಡೆದ’ ಕೂತರೆ ಅರ್ಥ ಬೇರೆಯಾಗುತ್ತದೆ. ಪಕ್ಕದ ಮನೆ ಹುಡುಗಿ ಎಂ.ಎ. ಪದವಿ ಪಡೆದಳು ಅಂದರೆ ಅವಳು ಓದಿದಳು, ಪರೀಕ್ಷೆ ಬರೆದಳು, ಪಾಸಾದಳು ಅಂತಲೇ ಕನ್ನಡಿಗರಿಗೆ ಕೇಳಿಸುವುದು. ಅದೇ ಘಟಿಕೋತ್ಸವದ ವೇದಿಕೆ ಮೇಲೆ ನಾಲ್ಕೈದು ವರ್ಷ ಗ್ರಂಥಾಲಯದಲ್ಲಿ ಕೂತು ಪಿಎಚ್.ಡಿ. ಮುಗಿಸಿದವರೂ ಇರುತ್ತಾರೆ. ಅವರಿಗೂ ‘ಡಾಕ್ಟರೇಟ್ ಪದವಿ ಪಡೆದ’, ಇವರಿಗೂ ‘ಡಾಕ್ಟರೇಟ್ ಪದವಿ ಪಡೆದ’. ಎರಡು ಬೇರೆ ಬೇರೆ ಸಂಗತಿಗಳಿಗೆ ಒಂದೇ ಕ್ರಿಯಾಪದ ಸಾಕೇ? ಇದು ನನ್ನ ಮೊದಲ ಪ್ರಶ್ನೆ.

ಇದಕ್ಕೆ ನಮ್ಮಲ್ಲೇ ಒಂದು ಒಳ್ಳೆಯ ಮಾತಿದೆ: ಸಲ್ಲು. ಕೊಲ್ಲು, ಕೊಂದ ಇದ್ದ ಹಾಗೆ ಸಲ್ಲು, ಸಂದ. ‘ಅವರಿಗೆ ಗೌರವ ಡಾಕ್ಟರೇಟ್ ಸಂದಿದೆ’ ಅಂದರೆ ಅವರು ಬೆನ್ನುಹತ್ತಿ ಗಳಿಸಿದ್ದಲ್ಲ, ಅವರಿಗೆ ಸೇರಬೇಕಾದದ್ದು ಅವರನ್ನು ಸೇರಿತು ಅಂತ ಅರ್ಥ. ‘ಶ್ರೇಯಸ್ಸು ಅವರಿಗೇ ಸಲ್ಲಬೇಕು’ ಅನ್ನುವಲ್ಲಿ ಇರುವುದೂ ಈ ಅರ್ಥವೇ. ಇದರಲ್ಲಿ ನಾಣ್ಯದ ಸದ್ದೂ ಇದೆ. ನಾಣ್ಯ ಚಲಾವಣೆಯಾದರೆ ಅದು ಸಲ್ಲುತ್ತದೆ, ಖೊಟ್ಟಿಯಾದರೆ ಸಲ್ಲದು. ಬಸವಣ್ಣನವರು ಮರ್ತ್ಯಲೋಕವನ್ನು ಕರ್ತಾರನ ಕಮ್ಮಟ ಅಂದು, ಇಲ್ಲಿ ಸಲ್ಲುವವರು ಅಲ್ಲಿಯೂ ಸಲ್ಲುವರು ಅಂದದ್ದು ಇದೇ ನಾಣ್ಯದ ಲೆಕ್ಕದಲ್ಲಿ. ಕಮ್ಮಟ ಅಂದರೆ ಟಂಕಸಾಲೆ. ಗೌರವ ಪದವಿಗೆ ಇದಕ್ಕಿಂತ ಹೊಂದುವ ಕ್ರಿಯಾಪದ ನನಗೆ ಕಾಣುತ್ತಿಲ್ಲ. ಕೊಡುವ ವಿಶ್ವವಿದ್ಯಾಲಯ ತನ್ನ ಮುದ್ರೆ ಒತ್ತುತ್ತದೆ. ಅದು ಸಲ್ಲುತ್ತದೋ ಇಲ್ಲವೋ ಅನ್ನುವುದನ್ನು ಜನ ನೋಡುತ್ತಾರೆ.

‘ಪಡೆದರು’ ಪೂರ್ತಿ ಸೋಲುವ ಒಂದು ಜಾಗವೂ ಇದೆ. 2022ರ ಮಾರ್ಚ್‌ನಲ್ಲಿ ಮೈಸೂರು ವಿಶ್ವವಿದ್ಯಾಲಯ ಪುನೀತ್ ರಾಜ್‌ಕುಮಾರ್ ಅವರಿಗೆ ಮರಣೋತ್ತರವಾಗಿ ಗೌರವ ಡಾಕ್ಟರೇಟ್ ಕೊಟ್ಟಿತು. ವೇದಿಕೆ ಮೇಲೆ ಅದನ್ನು ಸ್ವೀಕರಿಸಿದ್ದು ಅವರ ಪತ್ನಿ. ಅಲ್ಲಿ ‘ಪುನೀತ್ ಗೌರವ ಡಾಕ್ಟರೇಟ್ ಪಡೆದರು’ ಅಂತ ಬರೆಯಲು ಯಾರಿಗೂ ಕೈ ಬರುವುದಿಲ್ಲ. ‘ಪುನೀತ್‌ಗೆ ಸಂದಿತು’ ಅಂದರೆ ಮಾತು ತಾನಾಗಿ ಕೂರುತ್ತದೆ.

ರಾಜಕೀಯ ನಾಯಕರ ವಿಷಯಕ್ಕೆ ಬಂದರೆ ಈ ಎರಡು ಕ್ರಿಯಾಪದಗಳ ಅಂತರವನ್ನು ಅಂಬೇಡ್ಕರ್ ಅವರ ಬದುಕಿನಲ್ಲಿ ಸ್ಪಷ್ಟವಾಗಿ ನೋಡಬಹುದು. ನಾವು ಬಾಯಿತುಂಬ ‘ಡಾ. ಅಂಬೇಡ್ಕರ್’ ಅನ್ನುತ್ತೇವೆ. ಆ ‘ಡಾ.’ ಗೌರವದ್ದಲ್ಲ, ದುಡಿದದ್ದು. 1923ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಿಂದ ಡಿ.ಎಸ್ಸಿ., 1927ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಇವೆರಡನ್ನೂ ಅವರು ‘ಪಡೆದರು’. ಎಷ್ಟು ಕಷ್ಟಪಟ್ಟು ಪಡೆದರು ಅನ್ನುವುದು ಎಲ್ಲರಿಗೂ ಗೊತ್ತು. ಆಮೇಲೆ 1952ರಲ್ಲಿ ಅದೇ ಕೊಲಂಬಿಯಾ ಅವರನ್ನು ಕರೆದು ಗೌರವ ಎಲ್‌ಎಲ್.ಡಿ. ಕೊಟ್ಟಿತು. 1953ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಗೌರವ ಡಿ.ಲಿಟ್. ಕೊಟ್ಟಿತು. ಇವೆರಡು ಅವರಿಗೆ ‘ಸಂದವು’. ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಅಧಿಕಾರ ಇರಲಿಲ್ಲ ಅನ್ನುವುದನ್ನೂ ಗಮನಿಸಬೇಕು. 1951ರಲ್ಲಿ ಸಂಪುಟ ಬಿಟ್ಟಿದ್ದರು, ಮೊದಲ ಲೋಕಸಭಾ ಚುನಾವಣೆಯಲ್ಲಿ ಸೋತಿದ್ದರು. ಆ ಗೌರವ ಸಂದದ್ದು ಸಂವಿಧಾನದ ಕೆಲಸಕ್ಕೆ, ಕುರ್ಚಿಗೆ ಅಲ್ಲ. ಇಲ್ಲಿ ‘ಸಂದಿತು’ ಅನ್ನುವಾಗ ನನಗೆ ಮನಸ್ಸು ತುಂಬಿ ಬರುತ್ತದೆ.

ಸಲ್ಲದು ಅಂತ ಹೇಳಿದ ವಿಶ್ವವಿದ್ಯಾಲಯಗಳೂ ಇವೆ. ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಆಕ್ಸ್‌ಫರ್ಡ್‌ನಲ್ಲೇ ಓದಿದವರು. 1985ರಲ್ಲಿ ಅವರಿಗೆ ಗೌರವ ಪದವಿ ಕೊಡುವ ಮಾತು ಬಂದಾಗ ಅಲ್ಲಿನ ಅಧ್ಯಾಪಕರು ವೋಟು ಹಾಕಿದರು. ಕೊಡಬೇಕು ಅಂದವರು 319, ಬೇಡ ಅಂದವರು 738. ಶಿಕ್ಷಣಕ್ಕೆ, ಸಂಶೋಧನೆಗೆ ಕೊಡುವ ಹಣವನ್ನು ಅವರ ಸರ್ಕಾರ ಕಡಿತ ಮಾಡಿತ್ತು ಅನ್ನುವ ಸಿಟ್ಟು ಅದಾಗಿತ್ತು. 2009ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮ ಅರಿಝೋನಾ ಸ್ಟೇಟ್ ಯೂನಿವರ್ಸಿಟಿಯ ಪದವಿ ಪ್ರದಾನಕ್ಕೆ ಭಾಷಣ ಮಾಡಲು ಹೋದರು. ಆ ವಿಶ್ವವಿದ್ಯಾಲಯ ಅವರಿಗೆ ಗೌರವ ಪದವಿ ಕೊಡಲಿಲ್ಲ. ಅವರ ಸಾಧನೆ ಇನ್ನೂ ಮುಂದಿದೆ ಅನ್ನುವುದು ಅವರು ಕೊಟ್ಟ ಕಾರಣ. ಕನ್ನಡದಲ್ಲಿ ಹೇಳಬೇಕಾದರೆ ‘ಇನ್ನೂ ಸಲ್ಲುವ ಕಾಲ ಬಂದಿಲ್ಲ’ ಅಂದ ಹಾಗೆ. ಅದೇ ತಿಂಗಳು ನೋಟರ್ ಡೇಮ್ ವಿಶ್ವವಿದ್ಯಾಲಯ ಅವರಿಗೆ ಗೌರವ ಪದವಿ ಕೊಟ್ಟಿತು.

ಕೊಟ್ಟದ್ದನ್ನು ವಾಪಸ್ ತೆಗೆದುಕೊಂಡ ಉದಾಹರಣೆಯೂ ಉಂಟು. ಜಿಂಬಾಬ್ವೆಯ ರಾಬರ್ಟ್ ಮುಗಾಬೆ ಅವರಿಗೆ 1984ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಆಫ್ರಿಕಾದ ಶಿಕ್ಷಣಕ್ಕೆ ಮಾಡಿದ ಸೇವೆಗಾಗಿ ಗೌರವ ಪದವಿ ಕೊಟ್ಟಿತ್ತು. 2007ರಲ್ಲಿ ಅದನ್ನು ಕಿತ್ತುಕೊಂಡಿತು. ಈ ಸುದ್ದಿಗೆ ಕ್ರಿಯಾಪದ ಯಾವುದು? ‘ಹಿಂಪಡೆಯಿತು’ ಅನ್ನುವುದೇ ರೂಢಿ. ‘ರದ್ದುಮಾಡಿತು’ ಅಂದರೆ ಕಚೇರಿಯ ಕಾಗದದ ಹಾಗೆ ಕೇಳುತ್ತದೆ. ‘ಇನ್ನು ಸಲ್ಲದು ಅಂದಿತು’ ಅಂದರೆ ಹೇಗೆ? ನನಗೆ ಇದೇ ಇಷ್ಟ. ದುಡಿದು ಪಡೆದ ಪಿಎಚ್.ಡಿ.ಯನ್ನು ಆಮೇಲಿನ ರಾಜಕೀಯಕ್ಕಾಗಿ ಸಾಮಾನ್ಯವಾಗಿ ಯಾರೂ ಕಿತ್ತುಕೊಳ್ಳುವುದಿಲ್ಲ ಅಲ್ವಾ? ಗೌರವದ್ದನ್ನು ಕಿತ್ತುಕೊಳ್ಳಬಹುದು. ಎರಡಕ್ಕೂ ಬೇರೆ ಮಾತು ಬೇಕು ಅನ್ನಲು ಇದೂ ಒಂದು ಕಾರಣ.

ಇನ್ನು ‘ಪದವಿ’. ಸಂಸ್ಕೃತದಲ್ಲಿ ಅದರ ಮೂಲ ಅರ್ಥ ದಾರಿ, ಹೆಜ್ಜೆಯ ಜಾಡು. ಆಮೇಲೆ ಸ್ಥಾನ ಅಂತಾಯಿತು. ಕನ್ನಡದಲ್ಲಿ ‘ಮಂತ್ರಿ ಪದವಿ’ಯೂ ಪದವಿ, ‘ಬಿ.ಎ. ಪದವಿ’ಯೂ ಪದವಿ. ಹೀಗಾಗಿ ಪದವಿಯಲ್ಲಿರುವವರಿಗೆ ಪದವಿ ಕೊಡುವಾಗ ಓದುಗರಿಗೆ ಗೊಂದಲ ಜಾಸ್ತಿ. ನಮ್ಮ ಅಕ್ಕಪಕ್ಕದವರು ಬೇರೆ ದಾರಿ ಹಿಡಿದಿದ್ದಾರೆ. ಮಲಯಾಳದಲ್ಲಿ ಡಿಗ್ರಿಗೆ ‘ಬಿರುದಂ’ ಅನ್ನುತ್ತಾರೆ, ತಮಿಳಿನಲ್ಲಿ ‘ಪಟ್ಟಂ’. ನಮಗೆ ಪಟ್ಟ ಅಂದರೆ ಪಟ್ಟಾಭಿಷೇಕ, ಬಿರುದು ಅಂದರೆ ರನ್ನನಿಗೆ ತೈಲಪ ಕೊಟ್ಟ ‘ಕವಿಚಕ್ರವರ್ತಿ’ಯಂಥದ್ದು. ಗೌರವ ಡಾಕ್ಟರೇಟ್ ನಿಜಕ್ಕೂ ಬಿರುದೇ. ಪರೀಕ್ಷೆ ಇಲ್ಲ, ಪ್ರಬಂಧ ಇಲ್ಲ, ಮೆಚ್ಚಿ ಕೊಡುವುದು. ರನ್ನನ ಕಾಲದಲ್ಲಿ ಅರಸ ವಿದ್ವಾಂಸನಿಗೆ ಕೊಡುತ್ತಿದ್ದ. ಈಗ ವಿದ್ವಾಂಸರ ಮನೆ ಆಳುವವರಿಗೆ ಕೊಡುತ್ತದೆ. ಅದಕ್ಕೇ ‘ಡಾಕ್ಟರೇಟ್ ಬಿರುದು’ ಅಂತ ಬರೆಯಬಹುದಲ್ಲ? ‘ಪದವಿ’ಯನ್ನು ಓದಿದವರಿಗೆ ಬಿಟ್ಟುಬಿಡೋಣ ಅಂತ ನನ್ನ ಆಸೆ.

‘ಗೌರವ’ ಅನ್ನುವ ಮಾತನ್ನು ಬಿಡಿಸಿ ನೋಡಿದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಗುರುವಿನಿಂದ ಗೌರವ. ಗುರು ಅಂದರೆ ಭಾರವಾದದ್ದು, ಕಲಿಸುವವನೂ ಹೌದು. ‘ಡಾಕ್ಟರ್’ ಲ್ಯಾಟಿನ್ನಿನ ಮಾತು, ಅದರ ಮೂಲ ಅರ್ಥವೂ ಕಲಿಸುವವನು ಅಂತಲೇ. ಗೌರವ ಡಾಕ್ಟರೇಟ್ ಅನ್ನುವ ಜೋಡಿಪದದ ಎರಡೂ ಕಡೆ ಮೇಷ್ಟ್ರು ಕೂತಿದ್ದಾರೆ.

ಹಂಪಿಯ ಕನ್ನಡ ವಿಶ್ವವಿದ್ಯಾಲಯದವರು ಇದನ್ನು ಅರಿತೇ ಹೆಸರಿಟ್ಟರೋ ಏನೋ ಅನ್ನಿಸುತ್ತದೆ. ಅವರು ಕೊಡುವ ಗೌರವ ಪದವಿಯ ಹೆಸರು ‘ನಾಡೋಜ’. ಸಂಸ್ಕೃತದ ಉಪಾಧ್ಯಾಯ ಪ್ರಾಕೃತದಲ್ಲಿ ಸವೆದು ಕನ್ನಡಕ್ಕೆ ಬಂದು ‘ಓಜ’ ಆಯಿತು. ನಾಡಿಗೆಲ್ಲ ಓಜನಾದವನು ನಾಡೋಜ. ಪಂಪನನ್ನು ನಾಡೋಜ ಅನ್ನುತ್ತಿದ್ದೆವು. ಕುಶಲಕರ್ಮಿಗಳ ಹೆಸರಿನ ಕೊನೆಗೂ ಓಜ ಬರುತ್ತದೆ, ಬೇಲೂರಿನ ಶಿಲ್ಪಿ ದಾಸೋಜನ ಹಾಗೆ. ಉಳಿ ಹಿಡಿದವರೂ ಓಜರೇ, ಓಲೆ ಹಿಡಿದವರೂ ಓಜರೇ. ಶಾಲೆಗೆ ಹೋಗದೆ ಸಾಲುಮರ ಬೆಳೆಸಿದ ತಿಮ್ಮಕ್ಕ ‘ನಾಡೋಜ ತಿಮ್ಮಕ್ಕ’ ಆದಾಗ ಯಾರೂ ಅವರ ಮಾರ್ಕ್ಸ್ ಕಾರ್ಡ್ ಕೇಳಲಿಲ್ಲ, ಕೇಳುವ ಪ್ರಶ್ನೆಯೇ ಏಳುವುದಿಲ್ಲ. ಹೆಸರು ನೋಡಿದರೇ ಇದು ಬಿರುದು ಅಂತ ತಿಳಿಯುತ್ತದೆ. ಅಲ್ಲಿ ಘಟಿಕೋತ್ಸವಕ್ಕೂ ‘ನುಡಿಹಬ್ಬ’ ಅನ್ನುತ್ತಾರೆ. ಹಾಗಂತ ‘ಘಟಿಕೋತ್ಸವ’ವನ್ನೂ ಬಿಡಲು ನನಗೆ ಮನಸ್ಸಿಲ್ಲ. ಘಟಿಕೆ ಅಂದರೆ ಹಿಂದಿನ ದೊಡ್ಡ ವಿದ್ಯಾಕೇಂದ್ರ. ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋದದ್ದು ತಾಳಗುಂದದ ಶಾಸನದಲ್ಲಿದೆ. ಹಿಂದಿಯವರ ‘ದೀಕ್ಷಾಂತ’ಕ್ಕಿಂತ, ತೆಲುಗಿನವರ ‘ಸ್ನಾತಕೋತ್ಸವ’ಕ್ಕಿಂತ ನಮ್ಮ ಮಾತಿನಲ್ಲಿ ಊರಿನ ನೆನಪು ಹೆಚ್ಚು.

ಈಗ ‘ಡಾ.’ ಕಥೆ. ಇದು ನನ್ನ ಎರಡನೇ ಪ್ರಶ್ನೆ, ಮತ್ತು ಕಷ್ಟದ್ದು. ಹಳ್ಳಿಯಲ್ಲಿ ಡಾಕ್ಟ್ರು ಅಂದರೆ ಸೂಜಿ ಚುಚ್ಚುವವರು. ಆ ಫ್ಲೆಕ್ಸಿನ ಕರಡು ಕಂಪ್ಯೂಟರ್ ಪರದೆ ಮೇಲೆ ಇದ್ದಾಗ, ಮೊಮ್ಮಗನ ನಾಮಕರಣದ ಕಾರ್ಡಿಗೆ ಬಂದಿದ್ದ ಅಜ್ಜಿ ಒಬ್ಬರು ಮೊಮ್ಮಗಳ ಕೈಲಿ ಓದಿಸಿಕೊಂಡು, “ಇವ್ರು ಯಾವಾಗ ಡಾಕ್ಟ್ರು ಓದಿದ್ರಪ್ಪಾ?” ಅಂತ ಕೇಳಿದರು. ಹುಡುಗರು ಉತ್ತರ ಕೊಡಲಿಲ್ಲ. ನನಗೂ ಒಂದೇ ವಾಕ್ಯದಲ್ಲಿ ಹೇಳಲು ಆಗಲಿಲ್ಲ. ಓದಿದ್ದಲ್ಲ ಅಜ್ಜಿ, ಗೌರವಕ್ಕೆ ಕೊಟ್ಟಿದ್ದು ಅಂದೆ. “ಹಂಗಾದ್ರೆ ಹಂಗೇ ಬರೀರಿ” ಅಂದರು.

ಆದರೆ ‘ಡಾ. ರಾಜ್‌ಕುಮಾರ್’ ಅನ್ನುವುದನ್ನು ಏನು ಮಾಡುವುದು? 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಕೊಟ್ಟ ಗೌರವ ಡಾಕ್ಟರೇಟ್ ಅವರ ಹೆಸರಿನೊಳಗೇ ಬೆರೆತುಹೋಗಿದೆ. ಬೆಂಗಳೂರಿನ ರಸ್ತೆ ಫಲಕದಲ್ಲೂ ಡಾ., ಅಭಿಮಾನಿಯ ಬಾಯಲ್ಲೂ ಡಾ. ಅದನ್ನು ತೆಗೆಯಿರಿ ಅನ್ನುವ ಧೈರ್ಯ ನನಗಿಲ್ಲ, ಬೇಕೂ ಇಲ್ಲ. ಅದು ಸಂದಿದೆ, ಜನರೇ ಸಲ್ಲಿಸಿದ್ದಾರೆ. ಜನ ಸಲ್ಲಿಸುವ ಮೊದಲೇ ಫ್ಲೆಕ್ಸಿನಲ್ಲಿ ಹಾಕಿಕೊಳ್ಳುವ ‘ಡಾ||’ ಬಗ್ಗೆ ಮಾತ್ರ ನನ್ನ ತಕರಾರು. ಕೆಲವರು ‘ಗೌ.ಡಾ.’ ಅಂತ ಬರೆಯುವುದನ್ನು ನೋಡಿದ್ದೇನೆ. ಓದಲು ಚೆನ್ನಾಗಿಲ್ಲ, ಬಾಯಲ್ಲಿ ‘ಗೌಡ’ ಅಂತಾಗುತ್ತದೆ.

ಹುಡುಗರಿಗೆ ‘ಸಂದ’ ಅಂತ ತಿದ್ದಿ ತೋರಿಸಿದೆ. ಅವರು ಒಪ್ಪಲಿಲ್ಲ. “ಸಾರ್, ಸಂದುಹೋದ್ರು ಅಂದಂಗಿರುತ್ತೆ, ಅಪಶಕುನ” ಅಂದರು. ಅದರಲ್ಲೂ ನಿಜ ಇದೆ. ‘ಕಾಲ ಸಂದಿತು’, ‘ನೂರು ವರ್ಷ ಸಂದವು’ ಅಂತ ಕಳೆದುಹೋಗುವುದಕ್ಕೂ ಅದೇ ಮಾತು ಬರುತ್ತದೆ. ಪತ್ರಿಕೆಗಳಲ್ಲಿ ಬರುವ ‘ಭಾಜನರಾದ’ ಅವರಿಗೆ ಅರ್ಥವಾಗಲಿಲ್ಲ. ಕೊನೆಗೆ ‘ಗೌರವ ಡಾಕ್ಟರೇಟ್‌ಗೆ ಪಾತ್ರರಾದ’ ಅಂತ ಹಾಕಿದೆವು. ಭಾಜನ, ಪಾತ್ರ ಎರಡೂ ಪಾತ್ರೆಯೇ. ಹಾಕಿದ್ದನ್ನು ಹಿಡಿದುಕೊಳ್ಳುವ ಯೋಗ್ಯತೆ ಇರುವಂಥದ್ದು ಅಂತ ಅರ್ಥ. ‘ಪದವಿ’ ತೆಗೆಸಿದೆ. ‘ಡಾ||’ ತೆಗೆಯಲು ಅವರು ಬಿಡಲಿಲ್ಲ.

ಧಾರವಾಡ, ಕಲಬುರಗಿ ಕಡೆಯವರು, ಕರಾವಳಿಯವರು ದಯವಿಟ್ಟು ಹೇಳಿ: ನಿಮ್ಮ ಕಡೆ ಆಡುಮಾತಿನಲ್ಲಿ ‘ಸಂದಿತು’ ಇನ್ನೂ ಬಳಕೆಯಲ್ಲಿದೆಯೇ? ಇದ್ದರೆ ಯಾವ ಯಾವ ಸಂದರ್ಭಕ್ಕೆ? ಗೌರವ ಡಾಕ್ಟರೇಟ್ ಸಂದವರ ಹೆಸರಿನ ಮುಂದೆ ಹಾಕಲು ‘ಡಾ.’ ಬದಲು ನಾಡೋಜದಂಥ ಬೇರೆ ಮಾತು ಯಾರಿಗಾದರೂ ಹೊಳೆದರೆ ಅದನ್ನೂ ಬರೆಯಿರಿ. ಬರುವ ವಾರ ಇನ್ನೊಂದು ಘಟಿಕೋತ್ಸವ ಇದೆ. ಫ್ಲೆಕ್ಸಿನವರು ಮತ್ತೆ ಬರುತ್ತಾರೆ.