‘ಲ್ಯಾಪ್’, ‘ಡೆವಲಪ್‌ಮೆಂಟ್ ಲೆಂತ್’ – ಕನ್ನಡದಲ್ಲಿ ಏನೆನ್ನಬಹುದು?

ಮಾನ್ಯರೇ,

ಕಟ್ಟಡ ಕೆಲಸದ ಮೇಲ್ವಿಚಾರಕರಿಗಾಗಿ ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕವಾದ ಐಎಸ್ 456:2000 ಸಂಹಿತೆಯ ಉಕ್ಕಿನ ಕಂಬಿ ಜೋಡಣೆಯ ನಿಯಮಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಪದಗಳು ತೊಡಕಾಗಿವೆ.

ಮೊದಲನೆಯದು ‘ಲ್ಯಾಪ್’. ಒಂದು ಕಂಬಿ ಮುಗಿಯುವಲ್ಲಿ ಇನ್ನೊಂದನ್ನು ಅದರ ಒತ್ತಿಗೆ ಇಟ್ಟು, ಗೊತ್ತಾದಷ್ಟು ಉದ್ದ ಎರಡನ್ನೂ ಜೊತೆಯಾಗಿ ಸಾಗಿಸುವುದಕ್ಕೆ ಕೆಲಸದ ಜಾಗದಲ್ಲಿ ಈ ಹೆಸರು. ‘ಅತಿವ್ಯಾಪ್ತಿ’ ಎನ್ನೋಣವೆಂದರೆ, ಅದು ಲಕ್ಷಣವು ತಾನು ಹೇಳಬೇಕಾದ ವಸ್ತುವನ್ನು, ಅಂದರೆ ಲಕ್ಷ್ಯವನ್ನು, ಮೀರಿ ಹರಡುವ ದೋಷಕ್ಕೆ ತರ್ಕಶಾಸ್ತ್ರ ಇಟ್ಟ ಹೆಸರು. ‘ಬೆಸುಗೆ’ ವೆಲ್ಡಿಂಗಿಗೆ ಸಲ್ಲುವ ಮಾತು, ತೀರ ದಪ್ಪನೆಯ ಕಂಬಿಗಳಿಗೆ ಲ್ಯಾಪ್ ಬೇಡ, ಅವನ್ನು ಬೆಸೆಯಬಹುದು ಎನ್ನುವ ಸಂಹಿತೆಯೇ ಎರಡನ್ನೂ ಬೇರೆಯಾಗಿ ಕಾಣುತ್ತದೆ. ‘ಕಟ್ಟು’ ಎಂಬುದಂತೂ ತಪ್ಪು ತಿಳಿವಳಿಕೆಯನ್ನೇ ಕೊಡುತ್ತದೆ. ಬೈಂಡಿಂಗ್ ವೈರ್ ಸುತ್ತಿ ಬಿಗಿದಿದ್ದೇವೆ, ಇನ್ನು ಉದ್ದ ಸ್ವಲ್ಪ ಕಡಿಮೆಯಾದರೇನು ಎಂದು ಕೇಳುವವರನ್ನು ನಾನು ಹಲವು ಸಲ ಕಂಡಿದ್ದೇನೆ. ಆ ತಂತಿ ಕಾಂಕ್ರೀಟ್ ಸುರಿಯುವಾಗ ಕಂಬಿ ಕದಲದಂತೆ ನೋಡಿಕೊಳ್ಳುತ್ತದೆ, ಅಷ್ಟೆ. ಎಳೆತವು ಒಂದು ಕಂಬಿಯ ಮೈಮೇಲಿನ ಏಣುಗಳಿಂದ ಸುತ್ತಲಿನ ಕಾಂಕ್ರೀಟಿಗೆ, ಅಲ್ಲಿಂದ ಪಕ್ಕದ ಕಂಬಿಗೆ ದಾಟಬೇಕು.

ಹೀಗೆ ದಾಟಲು ಬೇಕಾದ ಉದ್ದಕ್ಕೆ ಆಧಾರವಾಗಿರುವುದು ಎರಡನೆಯ ಪದ, ಎಂದರೆ ಎಳೆತಕ್ಕೆ ಸಿಕ್ಕ ಕಂಬಿ ಜಾರದಿರಲು ಕಾಂಕ್ರೀಟಿನೊಳಗೆ ಹುದುಗಿರಬೇಕಾದ ಉದ್ದ, ‘ಡೆವಲಪ್‌ಮೆಂಟ್ ಲೆಂತ್’. ‘ಅಭಿವೃದ್ಧಿ ಉದ್ದ’ ಎಂದರೆ ಓದುಗರ ಮನಸ್ಸು ನಗರಾಭಿವೃದ್ಧಿಯ ಕಡೆಗೆ ಹೋಗುತ್ತದೆ. ಇಲ್ಲಿ ಬೆಳೆಯುವುದು ಕಂಬಿಯೊಳಗಿನ ಎಳೆತ, ಬೆಳೆಸುವುದು ಕಾಂಕ್ರೀಟಿನ ಹಿಡಿತ. ಆದ್ದರಿಂದ ‘ಹಿಡಿತದುದ್ದ’ ಎಂದು ಬರೆದುಕೊಂಡಿದ್ದೇನೆ, ಮತ್ತು ಲೆಕ್ಕವೂ ಈ ಹೆಸರನ್ನು ಒಪ್ಪುತ್ತದೆ. ಬಾಗುವ ತೊಲೆಯ ಎಳೆತದ ಕಂಬಿಗೆ ಲ್ಯಾಪ್ ಈ ಹಿಡಿತದುದ್ದಕ್ಕೂ ವ್ಯಾಸದ 30 ಪಟ್ಟಿಗೂ ಕಡಿಮೆಯಿರಬಾರದು. ಎಫ್‌ಇ 500 ದರ್ಜೆಯ ಉಕ್ಕಿನ ಏಣುಗಂಬಿಗೆ ಎಂ25 ದರ್ಜೆಯ ಕಾಂಕ್ರೀಟಿನಲ್ಲಿ ಹಿಡಿತದುದ್ದ ವ್ಯಾಸದ ಸುಮಾರು 49 ಪಟ್ಟು; ಹಿಡಿತ ಕಡಿಮೆಯಿರುವ ಎಂ20ರಲ್ಲಿ ಅದೇ ಕಂಬಿಗೆ ಸುಮಾರು 57 ಪಟ್ಟು. ಬಾಯಿಮಾತಿನ ‘50 ಡಿ’, ಎಂದರೆ ವ್ಯಾಸದ 50 ಪಟ್ಟು, ಮೊದಲನೆಯದಕ್ಕೆ ಸಾಕು. ಎರಡನೆಯದರಲ್ಲಿ 16 ಮಿ.ಮೀ. ಕಂಬಿಗೆ 800 ಮಿ.ಮೀ. ಬಿಟ್ಟರೆ ನೂರು ಮಿ.ಮೀ.ಗೂ ಹೆಚ್ಚು ಕೊರತೆ ಬೀಳುತ್ತದೆ. ಅಂಕಿಯೊಂದನ್ನೇ ಕಲಿತು ಹಿಡಿತವನ್ನು ಮರೆತರೆ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ, ಕಾರಣವನ್ನು ಹೇಳುವ ಪದವೇ ಬೇಕೆಂಬುದು ನನ್ನ ಹಟ.

ಲ್ಯಾಪಿಗೆ ನನಗೆ ಹೊಳೆದ ಹೋಲಿಕೆ ಹಗ್ಗದ್ದು. ನಾರು ಹೊಸೆಯುವಾಗ ಒಂದು ಎಳೆ ಮುಗಿಯುತ್ತ ಬಂದಂತೆ ಹೊಸ ಎಳೆಯನ್ನು ಅದರ ಒತ್ತಿಗೆ ಇಟ್ಟು ಸ್ವಲ್ಪ ದೂರ ಎರಡನ್ನೂ ಕೂಡಿಸಿ ಹೊಸೆಯುತ್ತಾರೆ. ಅಲ್ಲಿ ಗಂಟಿಲ್ಲ, ಬಲವೆಲ್ಲ ಒಟ್ಟಿಗೆ ಸಾಗಿದ ಉದ್ದದಲ್ಲಿದೆ. ಇದರಿಂದ ‘ಎಳೆಗೂಡಿಕೆ’ ಅಥವಾ ‘ಒತ್ತುಗೂಡಿಕೆ’ ಎಂದು ಮಾಡಿಕೊಳ್ಳಬಹುದೇ? ಎಳೆಗೆ ಎಳೆ ಕೊಡುವ ಈ ಕ್ರಿಯೆಗೆ ಹಗ್ಗ ಹೊಸೆಯುವವರ ಬಾಯಲ್ಲಿ ಬೇರೆಯೇ ಮಾತಿದ್ದರೆ, ಯಾವ ಸೀಮೆಯದೆಂದು ಸೇರಿಸಿ ದಯವಿಟ್ಟು ತಿಳಿಸಿ.