ಕೆರೆ ಅಕ್ಕಯ್ಯಗಳಿಗೂ ನೈದಿಲೆ ಹೂವಿಗೂ ಏನು ನಂಟು?

ಮಾಲೂರ್_ಹುಡ್ಗಿ:
ಎಲ್ರಿಗೂ ನಮಸ್ಕಾರ, ನಮ್ದು ಮಾಲೂರು ಕಡೆ ಹಳ್ಳಿ. ಚಿಕ್ಕೋಳಿದ್ದಾಗ ಕೆರೇಲಿ ಹೂ ಕೀಳೋಕೆ ಹೊರಟ್ರೆ ನಮ್ಮಜ್ಜಿ "ಅದು ಅಕ್ಕಯ್ಯಗಳ ಹೂವು ಕಣೇ, ಕೈ ಹಾಕಿದ್ರೆ ಕಾಲು ಹಿಡ್ಕೊಂಡು ಒಳಕ್ಕೆ ಎಳ್ಕೊಂತಾರೆ" ಅಂತ ಗದರೋರು. ಏಳು ಜನ ಅಕ್ಕತಂಗೀರು, ಮಟಮಟ ಮಧ್ಯಾಹ್ನ ನೀರಿಂದ ಎದ್ದು ಬಂದು ಏರಿ ಮೇಲೆ ಕೂದಲು ಒಣಗಿಸ್ಕೊಂತಾರಂತೆ. ಅಜ್ಜಿ ಈಗಿಲ್ಲ. ಮೊನ್ನೆ ಊರಿಗೆ ಹೋದಾಗ ಕೆರೆ ತುಂಬಿತ್ತು, ಎಷ್ಟೋ ವರ್ಷ ಆದ್ಮೇಲೆ ಹೂವು ಬಂದಿತ್ತು, ನನ್ ಮಗಳು ಯಾರಮ್ಮ ಅಕ್ಕಯ್ಯಗಳು ಅಂತ ಕೇಳಿದ್ಲು, ನಂಗೆ ಹೇಳೋಕೇ ಬರ್ಲಿಲ್ಲ. ಹೂವಿಗೂ ಅವ್ರಿಗೂ ನಂಟು ಹೇಳೋ ಕಥೆ ಬೇರೆ ಕಡೆನೂ ಇದ್ಯಾ? ಅದು ತಾವರೇನೋ ನೈದಿಲೇನೋ ಅದೂ ಗೊತ್ತಿಲ್ಲ, ಎಲೆ ನೀರ್ಮೇಲೆ ಮಲಗಿರತ್ತೆ, ಒಂದ್ಕಡೆ ಸೀಳಿರತ್ತೆ.

ಗಿಡ_ಗುರುತು:
ಸೀಳಿದ್ರೆ ನೈದಿಲೆ. ತಾವರೆ ಎಲೇಲಿ ಸೀಳು ಇರಲ್ಲ, ಬಲಿತ ಎಲೆ ನೀರಿಂದ ಮೇಲಕ್ಕೆ ಎದ್ದು ನಿಂತಿರತ್ತೆ.
ನೈದಿಲೆಯ ಶಾಸ್ತ್ರೀಯ ಹೆಸರೇ ನಿಂಫಿಯಾ, ಗ್ರೀಕರು ಜಲಕನ್ಯೆಗೆ ಹೇಳೋ ನಿಂಫ್‌ನಿಂದ ಬಂದಿದ್ದು. ಹರ್ಕ್ಯುಲಿಸ್ ಮೇಲೆ ಮನಸಿಟ್ಟ ಒಬ್ಳು ನಿಂಫ್ ಹೊಟ್ಟೆಕಿಚ್ಚಿಂದ ಸತ್ತು ಈ ಗಿಡ ಹುಟ್ತು ಅಂತ ಜನ ಹೇಳ್ತಾರೆ ಅಂತ ರೋಮ್‌ನ ಪ್ಲಿನಿ ಬರೆದಿದಾನೆ. ನೀರಲ್ಲಿ ಮುಳುಗಿಯೇ ಬೆಳೆಯೋ ಇನ್ನೊಂದು ಗಿಡ ನಯಾಸ್, ಅದಕ್ಕೆ ತೊರೆ ಬುಗ್ಗೆಗಳ ದೇವತೆ ನಯಾಡ್‌ಗಳ ಹೆಸರು. ಎರಡನ್ನೂ 1753ರಲ್ಲಿ ಶಾಸ್ತ್ರೀಯ ಹೆಸರಾಗಿ ಪ್ರಕಟಿಸಿದ್ದು ಸ್ವೀಡನ್‌ನ ಸಸ್ಯವಿಜ್ಞಾನಿ ಲಿನೇಯಸ್. ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ಮುಮ್ಮೆಲ್‌ಸೇ ಅಂತ ಕೆರೆ ಇದೆ, ಮುಮ್ಮೆಲ್ ಅಂದ್ರೆ ಅಲ್ಲಿಯವರ ಬಾಯಲ್ಲಿ ನೈದಿಲೆ, ಆ ಕೆರೆ ತಳದಲ್ಲೂ ಜಲಕನ್ಯೆಯರು ಇದಾರೆ ಅಂತ ಕಥೆ. ನಿಮ್ಮಜ್ಜಿ ಮಾತೇ ಅಲ್ವಾ ಇದು!
ಒಂದು ಮಾತು, ಅಜ್ಜಿ ಹೇಳಿದ್ದು ಸುಳ್ಳಲ್ಲ. ದಂಟು ಕೆಸರಿಂದ ಮೇಲಿನ ತನಕ ಹಗ್ಗದ ಥರ ಬಂದಿರತ್ತೆ, ಲೋಳೆ ಲೋಳೆ, ಕಾಲಿಗೆ ಸುತ್ಕೊಂಡ್ರೆ ಬಿಡಿಸ್ಕೊಳೋದು ಕಷ್ಟ, ಮಣ್ಣು ತೆಗೆದ ಗುಂಡಿ ಮೇಲೆ ಎಲೆ ಹರಡ್ಕೊಂಡಿದ್ರೆ ಆಳ ಗೊತ್ತೇ ಆಗಲ್ಲ. ಮಗೂನ ಇಳಿಸ್ಬೇಡಿ.

ಕೋಡಿ_ನೀರು:
ನಮ್ಮ ಮುಳಬಾಗ್ಲು ಕಡೆ ತೆಲುಗು ಜಾಸ್ತಿ, ಅಕ್ಕದೇವತಲು ಅಂತೀವಿ, ಹೂವಿಗೆ ಕಲುವ. ಬರೀ ಮಕ್ಕಳನ್ನ ಹೆದರ್ಸೋಕೆ ಹುಟ್ಟಿದ ಕಥೆ ಅಂದ್ರೆ ನಾನು ಒಪ್ಪಲ್ಲ ತಾಯಿ. ನಮ್ಮೂರಲ್ಲಿ ತೂಬಿನ ಹತ್ರ ಏಳು ಕಲ್ಲು ನಿಲ್ಸಿದಾರೆ, ಮೊಣಕಾಲೆತ್ತರನೂ ಇಲ್ಲ, ಕೆರೆ ತುಂಬಿದ ವರ್ಷ ನಮ್ಮತ್ತೆ ಅವಕ್ಕೆ ಎಣ್ಣೆ ಹಚ್ಚಿ ನೀರು ಹಾಕಿ, ಅರಿಶಿನ ಕುಂಕುಮ ಇಟ್ಟು, ಒಂದೊಂದು ಕಲ್ಲಿನ ಮುಂದೆನೂ ಹಸಿರು ಬಳೆ ಇಡೋರು. ತವರಿಗೆ ಬಂದ ಹೆಣ್ಮಕ್ಕಳಿಗೆ ಮಾಡೋ ಹಾಗೇನೇ. ಭಯ ಇದ್ದಿದ್ದು ನಿಜ, ಆದ್ರೆ ಅಕ್ಕ ಅಂತ ಕರೆಯೋರನ್ನ ಬರೀ ದೆವ್ವ ಅನ್ಕೊಳೋದು ಹೇಗೆ?

ಹಳೇ_ಮೇಷ್ಟ್ರು:
ಅಪ್ಸರೆ ಅನ್ನೋ ಪದದಲ್ಲೇ ನೀರಿದೆ, ಅಪ್ ಅಂದ್ರೆ ನೀರು. ಶತಪಥ ಬ್ರಾಹ್ಮಣ ಅನ್ನೋ ವೇದಕಾಲದ ಗ್ರಂಥದಲ್ಲಿ ಪುರೂರವ ರಾಜ ಅಪ್ಸರೆ ಊರ್ವಶೀನ ಹುಡುಕ್ಕೊಂಡು ಕುರುಕ್ಷೇತ್ರದಲ್ಲಿ ಅಲೀತಾ ತಾವರೆ ಕೊಳದ ಹತ್ರ ಬರ್ತಾನೆ, ಅಲ್ಲಿ ಅಪ್ಸರೆಯರು ನೀರುಹಕ್ಕಿಗಳಾಗಿ ಈಜ್ತಿರ್ತಾರೆ, ಇವ್ನಿಗೆ ಗುರ್ತೇ ಸಿಗಲ್ಲ, ಅವಳೇ ಇವನನ್ನ ಗುರ್ತಿಸ್ತಾಳೆ. ಮಗಳಿಗೆ ಇದನ್ನ ಹೇಳಿ, ಖುಷಿ ಪಡ್ತಾಳೆ.

ಮಾಲೂರ್_ಹುಡ್ಗಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಕೋಡಿ_ನೀರು ಅಮ್ಮ, ನೀವು ಹೇಳಿದ್ ಮೇಲೆ ನೆನಪಾಯ್ತು, ನಮ್ಮ ತೂಬಿನ ಪಕ್ಕನೂ ಕಲ್ಲಿವೆ, ಮೊನ್ನೆ ಐದೇ ಕಂಡಿದ್ದು, ಇನ್ನೆರಡು ಹೂಳಲ್ಲಿ ಮುಚ್ಕೊಂಡಿರ್ಬೇಕು. ಭಾನುವಾರ ಬಳೆ ತಗೊಂಡು ಹೋಗ್ತೀವಿ, ಏಳು ಜೊತೆ.